ಫೆಂಗನ ಬಾಗಿಲಿಗೆ ಬಂದ ಚಕ್ರವರ್ತಿ

ಫೆಂಗ್ ಮತ್ತು ನಾನು ಚೆಂಗ್ಡುವಿನ ಒಂದೇ ಬಾವಿಯಿಂದ ನೀರು ಹೊತ್ತು ಬೆಳೆದವರು. ಅವನು ಪರದೇಶಿ ಬ್ಯಾಂಕಿನ ದಲ್ಲಾಳಿಯಾಗಿ ಪಲ್ಲಕ್ಕಿ ಏರಿದ. ನಾನು ಅವನ ಮನೆಯ ಎದುರಿಗೇ ಚಹಾದಂಗಡಿ ಇಟ್ಟು ಆ ಪಲ್ಲಕ್ಕಿ ನೋಡುತ್ತ ಕೂತೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಸಾಲದ್ದಕ್ಕೆ ನನ್ನ ಹೆಂಡತಿ ಗ್ವೇಲಾನ್ ಬೇರೆ.

"ನೋಡ್ರೀ, ಫೆಂಗಣ್ಣನ ಕಿಟಕಿಗೆ ಗಾಜು ಬಂತು. ನೀವಿನ್ನೂ ಕಾಗದ ಅಂಟಿಸ್ತಾ ಕೂತಿದ್ದೀರಿ!"

ಅವನ ಮನೆ ಕಡೆ ತಿರುಗಿದಾಗ ಅವಳ ಮುಖ ಅರಳುತ್ತಿತ್ತು. ಒಂದು ಸಲವಾದರೂ ನನ್ನನ್ನು ಹಾಗೆ ನೋಡಲಿ ಎಂದು ಜೀವ ಬಿಡುತ್ತಿದ್ದೆ.

ನಮ್ಮ ಸಿಚುವಾನ್ ಪ್ರಾಂತ್ಯದ ರೈಲಿಗೆಂದು ಊರೂರಿನವರು ಅಕ್ಕಿ ಮಾರಿ ದುಡ್ಡು ಹಾಕಿದ್ದೆವು. ಪೀಕಿಂಗಿನ ಆಸ್ಥಾನ ಆ ರೈಲನ್ನೇ ಕಿತ್ತುಕೊಂಡು, ಪರದೇಶಿ ಬ್ಯಾಂಕುಗಳಿಂದ ಸಾಲ ಎತ್ತಿತು. ನಮಗೆ ಚಿಪ್ಪು, ದಲ್ಲಾಳಿಗೆ ಗಾಜು. ಊರು ರೊಚ್ಚಿಗೆದ್ದು ಅಂಗಡಿ ಮುಚ್ಚಿತು. ರೈಲು ಜನರ ಕೈಯಲ್ಲೇ ಇರಲಿ ಎಂದಿದ್ದ ಸತ್ತ ಚಕ್ರವರ್ತಿಯ ಹೆಸರಿನ ಫಲಕವನ್ನು ಬೀದಿಬೀದಿಯಲ್ಲಿ ಮೇಜಿನ ಮೇಲಿಟ್ಟು ಧೂಪ ಹಚ್ಚಿದರು. ಅದರ ಮುಂದೆ ಎಂಥ ಅಧಿಕಾರಿಯೂ ಪಲ್ಲಕ್ಕಿ ಇಳಿದು ತಲೆಬಾಗಿ ನಡೆಯಲೇಬೇಕು.

ನಮ್ಮ ಬೀದಿಯ ಮೇಜನ್ನು ನಾನು ಫೆಂಗನ ಬಾಗಿಲಿಗೇ ಒತ್ತಿ ಇಟ್ಟೆ.

"ಇಲ್ಲೇ ಯಾಕೋ ಲುವೊ?" ಎಂದ ಮುದಿ ಕ್ಷೌರಿಕ.

"ನೆರಳಿದೆ ಚಿಕ್ಕಪ್ಪಾ. ಚಕ್ರವರ್ತಿಗೆ ಬಿಸಿಲು ತಾಗಬಾರದು."

ಅಂದಿನಿಂದ ಫೆಂಗ್ ಮನೆ ಮುಂದೆ ಪಲ್ಲಕ್ಕಿ ಹತ್ತುವ ಹಾಗಿರಲಿಲ್ಲ. ರೇಷ್ಮೆ ನಿಲುವಂಗಿ ಎತ್ತಿ ಹಿಡಿದು ಬೀದಿಯ ಕೊನೆಯವರೆಗೆ ಕೆಸರು ತುಳಿಯಬೇಕು.

"ಕಾಲಿಗೆ ನಡೆಯೋದು ಮರೆತಿಲ್ಲ ತಾನೇ, ಫೆಂಗಣ್ಣಾ?" ಎಂದು ಕೂಗುತ್ತಿದ್ದೆ. ಆ ದಿನಗಳಲ್ಲಿ ಅನ್ನ ರುಚಿಸಿತು.

ಆಮೇಲೆ ಗವರ್ನರನ ಸಿಪಾಯಿಗಳು ನಮ್ಮವರ ಮೇಲೆ ಗುಂಡು ಹಾರಿಸಿದರು. ಮಾರನೆಯ ಮಧ್ಯಾಹ್ನ ಜನ ಕಲ್ಲು, ಕೊಳ್ಳಿ ಹಿಡಿದು ದಲ್ಲಾಳಿಗಳ ಮನೆ ಹುಡುಕುತ್ತ ಬಂದರು. ಹಿಂದಿನ ಬೀದಿಯ ಎರಡು ಮನೆಗಳು ಆಗಲೇ ಬೂದಿಯಾಗಿದ್ದವು. ಫೆಂಗನ ಬಾಗಿಲಲ್ಲಿ ಒಬ್ಬ ಕಲ್ಲೆತ್ತಿದ.

"ಚಕ್ರವರ್ತಿ ಕೂತಿರೋ ಮನೆಗೆ ಹೊಡೀತೀಯೇನೋ, ಪಾಪಿ!" ಎಂದು ಪಕ್ಕದವನು ಅವನ ಕೈ ಹಿಡಿದ. ಎಲ್ಲರೂ ಮಂಡಿಯೂರಿ, ಅತ್ತು, ಮುಂದೆ ಹೋದರು. ಮೇಜು ಸರಿಸಿರೋ ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು.

ಸಂಜೆ ಫೆಂಗ್ ಹೆಂಡತಿ ಮಕ್ಕಳೊಂದಿಗೆ ನನ್ನ ಅಂಗಡಿಗೆ ಬಂದು, ಬೀದಿಯವರೆಲ್ಲರ ಮುಂದೆ ನೆಲಕ್ಕೆ ಹಣೆ ಹಚ್ಚಿದ.

"ಹೀಗಾಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು ಲುವೊ. ಅದಕ್ಕೇ ಚಕ್ರವರ್ತೀನ ನನ್ನ ಬಾಗಿಲಲ್ಲಿ ಕೂರಿಸಿದೆ. ಈ ಮಕ್ಕಳ ಜೀವ ನೀನು ಕೊಟ್ಟಿದ್ದು."

"ಎಷ್ಟು ದೊಡ್ಡ ಮನಸ್ಸು ರೀ ನಿಮ್ಮದು," ಎಂದಳು ಗ್ವೇಲಾನ್. ಅವಳ ಮುಖ ಅರಳಿತ್ತು, ನನ್ನ ಕಡೆಗೇ ತಿರುಗಿತ್ತು.

ಇನ್ನು ಸಾಯುವವರೆಗೆ ನಾನು ಆ ಫೆಂಗನನ್ನು ಪ್ರೀತಿಸುತ್ತಲೇ ಇರಬೇಕು.