ಸೊಲ್ಲಿನ ಕೊನೆ

“ಗಂಟ್ಲು ಬಿಡ್ರಮ್ಮಾ, ಕೈ ಅಲ್ಲಾಡ್ಸಿ!” ಎಂದು ದಾವೂದ್ ಸಾಬರು ನಕ್ಕುಬಿಟ್ಟರು.

ಪಾಪಮ್ಮ ನಾಚಿ ಕುತ್ತಿಗೆ ಮುಟ್ಟಿಕೊಂಡಳು. ಸಾಬರ ಮಾತು ನಿಜವೇ. ಮಡಿಲಲ್ಲಿದ್ದ ನಾಲ್ಕು ತಂತಿಯ ಪುಟ್ಟ ವಾದ್ಯದ ಮೇಲೆ ಎಡಗೈ ಬೆರಳು ಮೊಳೆ ಹೊಡೆದಂತೆ ಕೂತಿತ್ತು. ನಡುಗುತ್ತಿದ್ದದ್ದು ದನಿಯಿಲ್ಲದ ಗಂಟಲು.

ಅಜ್ಜಂಪುರದ ಸುತ್ತ ಯಾರ ಮನೆಯ ಮದುವೆಯಾದರೂ ಸೋಬಾನೆಗೆ ಪಾಪಮ್ಮನೇ ಬೇಕಿತ್ತು. ಒಂದು ಸೊಲ್ಲು ಹಾಡಿ, ಅದರ ಕೊನೆಯಲ್ಲಿ ದನಿಯನ್ನು ಸಣ್ಣಗೆ ನಡುಗಿಸುವಳು. ಆ ನಡುಕವೇ ಉಳಿದ ಹೆಂಗಸರಿಗೆ ಸನ್ನೆ, ಅಲ್ಲಿಂದ ಅವರು ಎತ್ತಿಕೊಳ್ಳಬೇಕು. ಹೋದ ವರ್ಷ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಜೀವ ಉಳಿಯಿತು, ದನಿ ಪಿಸುಮಾತಿಗೆ ಇಳಿಯಿತು. ಬೇರೆಯವಳಾಗಿದ್ದರೆ ಹಣೆಬರಹವೆಂದು ಮೂಲೆ ಸೇರುತ್ತಿದ್ದಳು. ಇವಳು ಆ ಪೈಕಿಯಲ್ಲ. ಆಸ್ಟ್ರೇಲಿಯಾಕ್ಕೆ ಹೊರಟ ಬೀರೂರಿನ ರೈಲ್ವೆ ಗಾರ್ಡ್ ದೊರೆಯೊಬ್ಬ ಅವಳ ಗಂಡ ಗ್ಯಾಂಗ್‌ಮನ್ ತೀರ್ಥಪ್ಪನಿಗೆ ಕೊಟ್ಟುಹೋಗಿದ್ದ ಯುಕುಲೇಲಿ ಎಂಬ ಈ ವಾದ್ಯ ಅಟ್ಟದ ಮೇಲಿತ್ತು. ಅದರ ಧೂಳು ಒರೆಸಿ, ಸೆರಗಲ್ಲಿ ಮುಚ್ಚಿಕೊಂಡು, ಹಾಸಿಗೆ ಹೊಲಿಯುವ ಸಾಬರ ಅಂಗಡಿಗೆ ಕಲಿಯಲು ಬಂದಿದ್ದಳು. ಸಾಬರು ಕವಾಲಿಗೆ ಬುಲ್‌ಬುಲ್ ತಾರಾ ಎಂಬ ತಂತಿವಾದ್ಯ ನುಡಿಸುತ್ತಿದ್ದವರು.

ಹಾಡಿನ ಧಾಟಿ ಬೇಗ ಬೆರಳಿಗೆ ಬಂತು. ಹಾಡು ಮೊದಲೇ ಅವಳಲ್ಲಿತ್ತಲ್ಲ! ನಡುಕ ಮಾತ್ರ ಬರಲೊಲ್ಲದು. ಅದಿಲ್ಲದೆ ಸೊಲ್ಲು ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯದು. ಇತ್ತ ತಂಗಿಯ ಮಗಳು ಲಿಂಗಮ್ಮನ ಮದುವೆ ಹತ್ತಿರ ಬಂದಿತ್ತು.

“ನೀನು ಸೊಲ್ಲು ಹೇಳ್ದೆ ನಾನು ಹೊಸ್ಲು ದಾಟಕಿಲ್ಲ, ದೊಡ್ಡವ್ವ,” ಎಂದಿದ್ದಳು ಹುಡುಗಿ.

ಹಿಮ್ಮೇಳದ ಹಿರಿಯಳು ಈರಕ್ಕ ಮಾತ್ರ ಮೂಗು ಮುರಿದಳು. “ಮರದ್ ತುಂಡು ಹೇಳ್ಕೊಟ್ಟಿದ್ದನ್ನ ನಾನು ಹೇಳಾದಾ? ನಡಿಯೇ ಅತ್ಲಾಗೆ.”

ಪಾಪಮ್ಮನಿಗೆ ಅಳು ಬಂತು. ಅತ್ತಳು. ಅತ್ತು ಮುಗಿಸಿ ರಾಗಿಹಿಟ್ಟು ಜರಡಿ ಹಿಡಿಯಲು ಕೂತಳು, ಹೊಟ್ಟೆ ಕೇಳಬೇಕಲ್ಲ. ಜರಡಿ ಆಡುತ್ತ ಆಡುತ್ತ ಕಣ್ಣು ತನ್ನ ಕೈ ಮೇಲೆಯೇ ನಿಂತಿತು. ಬೆರಳು ಅಂಚು ಬಿಟ್ಟಿಲ್ಲ, ಬಿಗಿಯಾಗಿಯೂ ಒತ್ತಿಲ್ಲ. ಆಡುತ್ತಿರುವುದೆಲ್ಲ ಮಣಿಕಟ್ಟು. ಜರಡಿಯನ್ನು ಅಲ್ಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ ವಾದ್ಯ ಎತ್ತಿಕೊಂಡಳು. ಬೆರಳು ಊರಿ ಕೈ ಆಡಿಸಿದಳು. ತಂತಿ ನಡುಗಿತು. ಇನ್ನೊಮ್ಮೆ ಮಾಡಿದಳು, ಮತ್ತೂ ನಡುಗಿತು. ಅಂದು ತೀರ್ಥಪ್ಪನಿಗೆ ಮುದ್ದೆ ಸಿಕ್ಕಿದ್ದು ಹೊತ್ತು ಮೀರಿದ ಮೇಲೆ. ಆ ಪುಣ್ಯಾತ್ಮ ಉಂಡು, ತಟ್ಟೆಯನ್ನು ತಾನೇ ತೊಳೆದಿಟ್ಟ.

“ಅರೆ ವ್ಹಾ! ಇದು ನಾನು ಕಲ್ಸಿದ್ದಲ್ಲ ಬಿಡ್ರಮ್ಮ,” ಎಂದರು ಸಾಬರು ಮರುದಿನ.

“ನೀವು ನಗದೇ ಹೋಗಿದ್ರೆ ಇನ್ನೂ ಗಂಟ್ಲೇ ಅಲ್ಲಾಡಿಸ್ತಿದ್ದೆ, ಸಾಬ್ರೇ,” ಎಂದು ಪಿಸುಗುಟ್ಟಿದಳು.

ಮದುವೆಯ ದಿನ ಹೆಣ್ಣು ಒಪ್ಪಿಸುವ ಹೊತ್ತು. ಗಂಡಿನ ಕಡೆಯವರು ಗಾಡಿ ಕಟ್ಟಿ ಕಾಯುತ್ತಿದ್ದರು. ಲಿಂಗಮ್ಮ ಹೊಸ್ತಿಲ ಒಳಗೇ ನಿಂತಳು. ಪಾಪಮ್ಮ ಚಾಪೆಯ ಮೇಲೆ ಕೂತು ಮೊದಲ ಸೊಲ್ಲು ನುಡಿಸಿದಳು. ಕೈ ಹೆದರಿತ್ತು, ಕೊನೆ ಮೊಂಡಾಗಿ ನಿಂತಿತು. ಯಾರೂ ಎತ್ತಿಕೊಳ್ಳಲಿಲ್ಲ. ಎಳೆಯ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಈರಕ್ಕ ಎಲೆಯಡಿಕೆ ಜಗಿಯುತ್ತ ಗೋಡೆ ನೋಡುತ್ತಿದ್ದಳು.

ಪಾಪಮ್ಮ ಉಸಿರು ಬಿಟ್ಟು, ಹೆಗಲು ಸಡಿಲಿಸಿ, ಅದೇ ಸೊಲ್ಲನ್ನು ಮತ್ತೆ ಹಿಡಿದಳು. ಈ ಸಲ ಕೊನೆಯ ಸ್ವರದ ಮೇಲೆ ಬೆರಳು ನಿಂತಿತು, ಮಣಿಕಟ್ಟು ಆಡಿತು. ದನಿ ಸಣ್ಣಗೆ ನಡುಗಿ ಅಂಗಳದವರೆಗೂ ಹೋಯಿತು.

ಈರಕ್ಕನ ದವಡೆ ನಿಂತಿತು. ಎಲೆಯಡಿಕೆ ಒಂದು ಕೆನ್ನೆಗೆ ಸರಿಯಿತು. ತಾನು ಮುನಿಸಿಕೊಂಡಿದ್ದೇನೆಂಬುದು ನೆನಪಾಗುವ ಮೊದಲೇ ಅವಳ ಬಾಯಿ ಸೊಲ್ಲನ್ನು ಎತ್ತಿಕೊಂಡುಬಿಟ್ಟಿತ್ತು. ಹಿಂದೆಯೇ ಎಲ್ಲ ಹೆಂಗಸರೂ ದನಿಗೂಡಿಸಿದರು.

ಪಾಪಮ್ಮ ತಲೆ ಎತ್ತಲಿಲ್ಲ. ಮುಂದಿನ ಸೊಲ್ಲಿಗೆ ಬೆರಳು ಸರಿಸಿದಳು.