ಸೊಪ್ಪಿಗೆ ಹೊರಟ ಚೀಲ

ಉಗಾದಿಯ ಮರುದಿನ ನಮ್ಮ ಮನೆಯಲ್ಲಿ ಯಾರೂ ಜಿಂಕೆ ಎನ್ನುವ ಹೆಸರು ಎತ್ತುವಂತಿಲ್ಲ. ಬೇಟೆ ಎನ್ನುವಂತೆಯೂ ಇಲ್ಲ. ಅಪ್ಪ ಗುಡ್ಡಕ್ಕೆ ಹೊರಟರೆ 'ಸೊಪ್ಪಿಗೆ ಹೋಗ್ತೀನಿ' ಅನ್ನಬೇಕು. ಸಂಜೆ ತಿರುಗಿ ಬಂದಾಗ ಅವ್ವ ಹೊಸ್ತಿಲಲ್ಲಿ ತಂಬಿಗೆ ಹಿಡಿದು ನಿಂತು 'ಸೊಪ್ಪು ಸಿಕ್ತೇನು?' ಎಂದು ಕೇಳಬೇಕು. ಸಿಗಲಿ ಬಿಡಲಿ, 'ಸಿಕ್ತು' ಎಂದ ಮೇಲೆಯೇ ಕಾಲಿಗೆ ನೀರು. ಹೆಸರು ಹೇಳಿದರೆ ಪ್ರಾಣಿಗೆ ಕೇಳಿಸುತ್ತದೆ, ಕೇಳಿಸಿದರೆ ಅದು ಗುಡ್ಡ ದಾಟುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕ.

ದಾಟುವುದಕ್ಕೆ ಗುಡ್ಡ ಎಲ್ಲಿ ಉಳಿದಿದೆ ಎಂದು ಹಿರಿಯರನ್ನು ಕೇಳಬೇಕು. ಸಂಡೂರಿನ ಈ ಕಡೆ ಅರ್ಧ ಗುಡ್ಡವನ್ನು ಅದಿರಿನ ಲಾರಿಗಳು ಹೊತ್ತುಕೊಂಡು ಹೋದವು. ಉಳಿದರ್ಧ ಸರ್ಕಾರದ ಕಾಡು, ಅಲ್ಲಿ ಬೇಟೆಯಾಡಿದರೆ ಜೈಲು. ಅಪ್ಪನಿಗೂ ಅದು ಗೊತ್ತು. ಹದಿನೈದು ವರ್ಷದಿಂದ ಅವನು ಒಂದು ಮೊಲದ ಕಿವಿಯನ್ನೂ ತಂದಿಲ್ಲ. ಆದರೂ ವರ್ಷಕ್ಕೊಮ್ಮೆ ಹಳೇ ಬಲೆ ಹೆಗಲಿಗೇರಿಸಿ ಹೋಗುತ್ತಾನೆ, ನಾಲ್ಕು ಪೊದೆ ಬಡಿಯುತ್ತಾನೆ, ದೇವರಗುಂಡು ಎನ್ನುವ ಬಂಡೆಗೆ ಕೈಮುಗಿದು ಒಂದು ಹಿಡಿ ತಂಗಡಿ ಸೊಪ್ಪು ಮುರಿದುಕೊಂಡು ಬರುತ್ತಾನೆ. ಕೇಳಿದರೆ, "ಬ್ಯಾಟಿ ಬಿಟ್ಟೀನಿ, ಗುಡ್ಡ ಬಿಟ್ಟಿಲ್ಲ" ಅನ್ನುತ್ತಾನೆ. ಆ ಬಲೆಯನ್ನು ಇಲಿಗಳು ಎಷ್ಟು ತಿಂದಿವೆಯೆಂದರೆ ಅದರೊಳಗಿಂದ ಎಮ್ಮೆ ನುಗ್ಗಿಸಬಹುದು.

ಹೋದ ವರ್ಷ ಅವನು ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದ. ಕುರಿ ಕಾಯುವವರು ಹೊತ್ತು ತಂದಿದ್ದರು. ಅದಕ್ಕೇ ಈ ಸಲ ಚೀಲ ನಾನೇ ಕಟ್ಟುತ್ತೇನೆಂದು ಹಟ ಹಿಡಿದೆ. ನಾನು ಯಲ್ಲೇಶ್, ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆ ಕೆಲಸಗಾರ. ಅಲ್ಲಿ ಒಂದು ನಟ್ಟು ಬಿಗಿ ಮಾಡಬೇಕಾದರೂ ಮೊದಲು ಚೆಕ್‌ಲಿಸ್ಟ್ ಬರೆಯಬೇಕು. ಕೆಲಸ ಯಾವುದು, ಜಾಗ ಯಾವುದು, ಅಪಾಯ ಏನು, ಸಾಮಾನು ಏನೇನು. ಕೊನೆಗೆ ಕೆಲಸ ಮಾಡುವವನ ಸಹಿ. ಹನ್ನೊಂದು ವರ್ಷ ಬರೆದು ಬರೆದು ಅದು ನನಗೆ ರೋಗದ ಹಾಗೆ ಅಂಟಿಕೊಂಡಿದೆ.

ಬಲೆ, ಕುಡುಗೋಲು, ಗಿಡ್ಡ ಭರ್ಜಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಷ್ಟು ಅಪ್ಪನದು. ಎರಡು ಬಾಟಲಿ ನೀರು, ಓಆರ್‌ಎಸ್ ಪುಡಿ, ಬ್ಯಾಂಡೇಜು, ಟಾರ್ಚು, ಸೀಟಿ, ಕಾರ್ಖಾನೆಯ ಹಳೇ ಕೈಗವಸು, ಕತ್ತಲಲ್ಲಿ ಮಿಂಚುವ ಕಿತ್ತಳೆ ಜಾಕೀಟು. ಇಷ್ಟು ನನ್ನದು.

ಅಪ್ಪ ಜಾಕೀಟನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದ. "ಲೇ ಯಲ್ಲೇಶಾ, ಸೊಪ್ಪಿಗೆ ಹೊಂಟೀನೋ ಬೀಗರ ಊರಿಗೋ? ಇದನ್ನ ಹಾಕ್ಕಂಡು ನಿಂತ್ರ ಗುಡ್ಡದಾಗಿನ ಕಲ್ಲೂ ನಗ್ತಾವಲೇ."

"ನಗ್ಲಿ ಬಿಡಪ್ಪಾ. ಬಿದ್ರ ಹುಡುಕಾಕ ನಮಗ ಸಿಕ್ರ ಸಾಕು."

ನೋಟುಪುಸ್ತಕದ ಹಾಳೆ ಹರಿದು ಎಲ್ಲವನ್ನೂ ಪಟ್ಟಿ ಮಾಡಿದೆ. ಮೇಲೆ, ರೂಢಿಯ ಹಾಗೆ, ಕೆಲಸದ ಹೆಸರು ಬರೆದೆ: ಜಿಂಕೆ ಬೇಟೆ. ಅಪಾಯ: ಬಿಸಿಲು, ಹಾವು, ಕರಡಿ. ಕೊನೆಯಲ್ಲಿ 'ಕೆಲಸ ಮಾಡುವವರ ಸಹಿ' ಎಂದು ಬರೆದು, ಮನೆಯ ಕೆಲಸಕ್ಕೆ ಎಂಥ ಸಹಿ ಎಂದು ಅಲ್ಲಿ ಖಾಲಿ ಬಿಟ್ಟೆ. ಅಪ್ಪನಿಗೆ ಓದು ಬರಹ ಬಾರದು. ಅದಕ್ಕೆ ಒಂದೊಂದೇ ಸಾಮಾನು ಜೋರಾಗಿ ಓದಿ ಹೇಳಿದೆ, ಅವನು ಚೀಲ ಮುಟ್ಟಿ ಮುಟ್ಟಿ 'ಐತಿ' ಅಂದ. ಮೇಲಿನ ಸಾಲನ್ನು ಮಾತ್ರ ಓದಲಿಲ್ಲ. ಬೆಳಗಾದರೆ ಉಗಾದಿಯ ಮರುದಿನ, ನಾಲಗೆ ತಾನೇ ತಡೆಯಿತು. ಹಾಳೆಯನ್ನು ಮಡಚಿ ಚೀಲಕ್ಕೇ ಹಾಕಿದೆ.

ನಾಲಗೆಗೆ ಇದ್ದ ಬುದ್ಧಿ ಕೈಗೆ ಇರಲಿಲ್ಲ.

ಮರುದಿನ ಮಧ್ಯಾಹ್ನ ಶಿಫ್ಟಿನಲ್ಲಿದ್ದಾಗ ರಾಯಣ್ಣನ ಫೋನು ಬಂತು. ರಾಯಣ್ಣ ಕಾಡಿನ ಗಾರ್ಡು, ಪಕ್ಕದೂರಿನವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. "ಯಲ್ಲೇಶಿ, ನಿಮ್ಮಪ್ಪನ್ನ ಫಾರೆಸ್ಟ್ ಕಚೇರಿಗೆ ಕರ್ಕಂಡು ಬಂದಾರ. ಜಲ್ದಿ ಬಾ. ಮನ್ಯಾಗ ನಿಮ್ಮವ್ವಗ ಹೇಳಬ್ಯಾಡ."

ಬಟ್ಟೆ ಬದಲಿಸಲೂ ನಿಲ್ಲದೆ ಓಡಿದೆ. ಬಾಗಿಲಲ್ಲೇ ರಾಯಣ್ಣ ತಡೆದು ಪಿಸುಗುಟ್ಟಿದ. ಗುಡ್ಡದ ಬುಡದಲ್ಲಿ ಜಿಂಕೆಯ ತಲೆ, ಚರ್ಮ ಸಿಕ್ಕಿವೆ. ಚರ್ಮದಲ್ಲಿ ಗುಂಡು ಹೊಕ್ಕ ತೂತಿದೆ. ಪಕ್ಕದಲ್ಲೇ ದೊಡ್ಡ ಗಾಡಿಯ ಗಾಲಿ ಗುರುತು.

"ಯಾರ ಗಾಡಿ?"

"ಯಾರದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ರೇಂಜರ್ ಸಾಹೇಬ್ರಿಗೂ ಗೊತ್ತು. ಮ್ಯಾಲಿಂದ ಮೂರು ಫೋನ್ ಬಂದಾವ. ಸಂಜಿ ಒಳಗ ಒಬ್ಬ ಆರೋಪಿ ಬೇಕಂತ. ನಿಮ್ಮಪ್ಪ ಬಲೀ ಹೊತ್ಕಂಡು ಅದ ದಾರ್‍ಯಾಗ ಬಂದ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಯನ್ನು ಸಣ್ಣವನಿದ್ದಾಗ ಎಷ್ಟು ಸಲ ನಕ್ಕೊಂಡು ಹೇಳಿದ್ದೆನೋ. ಆ ಎಮ್ಮೆಯನ್ನು ಬರೆ ಹಾಕುವವರ ಕೈಗೆ ಒಪ್ಪಿಸಿದವರು ಯಾರು ಎಂದು ಆಗ ಯೋಚಿಸಿರಲಿಲ್ಲ.

ಒಳಗೆ ಅಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ನಾನು ಹೇಳಿದ್ದೆನೆಂದು ಆ ಕಿತ್ತಳೆ ಜಾಕೀಟು ಹಾಕಿಕೊಂಡೇ ಇದ್ದ. ಕದ್ದು ಬೇಟೆಯಾಡುವವನು ಮೈಲಿ ದೂರಕ್ಕೆ ಕಾಣುವ ಜಾಕೀಟು ಹಾಕುತ್ತಾನೆಯೇ? ಹಾಗೆಂದು ಕೇಳಲು ಮೇಜಿನ ಕಡೆ ತಿರುಗಿದೆ. ಮೇಜಿನ ಮೇಲೆ ಚೀಲದ ಸಾಮಾನೆಲ್ಲ ಹರಡಿತ್ತು, ಸಾಹೇಬರ ಕೈಯಲ್ಲಿ ನನ್ನ ಪಟ್ಟಿ ಇತ್ತು.

"ಬಲೆ ಹರ್ದೈತಿ, ಬರೇ ಶಾಸ್ತ್ರಕ್ಕ ಹೋಗಿದ್ದೆ ಅಂತಾನ ನಿಮ್ಮಪ್ಪ. ನಾನೂ ನಂಬ್ತಿದ್ದೆ. ಆದ್ರ ಇದೇನಪ್ಪ? ಈ ಮ್ಯಾಲಿನ ಸಾಲು ನೀನ ನೋಡು. ಇಷ್ಟು ಚಂದ ಬರಕೊಟ್ಟ ಆರೋಪಿನ ನಾನು ಸರ್ವೀಸಿನಾಗ ನೋಡಿಲ್ಲ. ಯಾರು ಬರ್ದಿದ್ದು ಇದನ್ನ?"

'ನಾನು' ಎನ್ನಬೇಕಿತ್ತು. ಒಂದೇ ಮಾತು. ಬರೆದವನು ನಾನು, ಕಾರ್ಖಾನೆಯ ಚಟ, ಬೇಕಿದ್ದರೆ ನನ್ನ ಮೇಲೆ ಕೇಸು ಹಾಕಿ ಎನ್ನಬೇಕಿತ್ತು. ಆದರೆ ಕೇಸು ಬಿದ್ದವನಿಗೆ ಗೇಟ್‌ಪಾಸ್ ಇಲ್ಲ, ಗೇಟ್‌ಪಾಸ್ ಇಲ್ಲದವನಿಗೆ ಕೆಲಸವಿಲ್ಲ. ಪಾಸು ನನ್ನ ಕೊರಳಲ್ಲೇ ಜೋತಾಡುತ್ತಿತ್ತು. ನನ್ನ ಕೈ ನನಗೆ ಗೊತ್ತಿಲ್ಲದೆ ಮೇಲೆ ಹೋಗಿ, ಅದನ್ನು ಕಳಚಿ ಅಂಗಿಯ ಜೇಬಿಗೆ ಹಾಕಿತು.

ಅಪ್ಪ ನನ್ನ ಮುಖ ನೋಡಲಿಲ್ಲ. ಆ ಕೈ ನೋಡಿದ.

"ನಾನ ರೀ ಸಾಹೇಬ್ರ, ನಾನ ಬರ್ದಿದ್ದು," ಅಂದ.

"ನಿನಗ ಬರಿಯಾಕ ಬರ್ತೈತೇನು?"

"ಸಣ್ಣಾಂವಿದ್ದಾಗ ನಾಕು ಅಕ್ಷರ ಕಲ್ತಿದ್ನಿ ರೀ."

"ಹಂಗಾರ ಓದು."

ಅಪ್ಪ ಹಾಳೆಯನ್ನು ಅಡ್ಡ ಹಿಡಿದುಕೊಂಡು ಶುರು ಮಾಡಿದ. "ಬಲೀ. ಕುಡುಗೋಲು. ಭರ್ಜಿ. ರೊಟ್ಟಿ, ಚಟ್ನಿಪುಡಿ. ನೀರು ಎರಡು ಬಾಟ್ಲಿ..." ಸೀಟಿಯವರೆಗೆ, ಕೈಗವಸಿನವರೆಗೆ, ಒಂದೂ ಬಿಡಲಿಲ್ಲ, ಒಂದೂ ಹಿಂದುಮುಂದಾಗಲಿಲ್ಲ. ನಾನು ಓದಿ ಹೇಳಿದ್ದನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದ.

"ಎಲ್ಲಾಕ್ಕಿಂತ ಮ್ಯಾಲೆ ಏನ್ ಬರ್ದೀಯಪ್ಪ? ಮೊದಲ್ನೇ ಸಾಲು?"

ಅಪ್ಪ ಹಾಳೆಯ ಮೇಲೆ ಬೆರಳಾಡಿಸಿದ. ಆಮೇಲೆ ಬಹಳ ನಂಬಿಕೆಯಿಂದ ಹೇಳಿದ, "ಸೊಪ್ಪು."

ಸಾಹೇಬರು ನಕ್ಕರು. ಪಕ್ಕದಲ್ಲಿ ಕೂತು ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತನೂ ನಕ್ಕ. ರಾಯಣ್ಣ ಕಿಟಕಿಯ ಕಡೆ ತಿರುಗಿಕೊಂಡ. ಆ ನಗು ಮುಗಿಯುವವರೆಗಾದರೂ ನನಗೆ ಹೊತ್ತು ಇತ್ತು. ಬಾಯಿ ತೆರೆಯಲಿಲ್ಲ. ನಗು ನಿಂತ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡು ಹೇಳಿದರು, "ಬರ್ಕೋ. ಸದರಿ ಪಟ್ಟಿಯನ್ನು ಆರೋಪಿ ಎರ್ರಿಯಪ್ಪ ತನ್ನ ಸ್ವಂತ ಕೈಬರಹದಲ್ಲಿ ಬರೆದಿರುವುದಾಗಿ ಒಪ್ಪಿಕೊಂಡಿರುತ್ತಾನೆ."

ಪಟ್ಟಿಯ ಕೊನೆಯಲ್ಲಿ ನಾನು ಬಿಟ್ಟ ಖಾಲಿ ಜಾಗ ಹಾಗೇ ಇತ್ತು. ಶಾಯಿಯ ಪೆಟ್ಟಿಗೆ ತಂದು, ಅಪ್ಪನ ಎಡಗೈ ಹೆಬ್ಬೆರಳು ಹಿಡಿದು, 'ಕೆಲಸ ಮಾಡುವವರ ಸಹಿ' ಎಂಬಲ್ಲಿ ಒತ್ತಿಸಿದರು. ಸ್ವಂತ ಕೈಬರಹ, ಅದರ ಕೆಳಗೆ ಹೆಬ್ಬೆಟ್ಟು. ಆ ಕೋಣೆಯಲ್ಲಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಕಂಡವನು ಹೇಳಲಿಲ್ಲ.

ಅಪ್ಪನನ್ನು ಜೀಪಿಗೆ ಹತ್ತಿಸುವಾಗ ಅವನು ಜಾಕೀಟು ಬಿಚ್ಚಿ ನನಗೆ ಕೊಟ್ಟ. "ಕಾರ್ಖಾನೀದು, ಕಳೀಬಾರ್ದು. ನೀ ಡ್ಯೂಟಿ ತಪ್ಪಿಸಬ್ಯಾಡ ಮತ್ತ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಗೆ ರಾಯಣ್ಣ ಒಂದು ಹಿಡಿ ತಂಗಡಿ ಸೊಪ್ಪು ತಂದು ಕೈಗಿಟ್ಟ. "ನಿಮ್ಮಪ್ಪ ಮುರ್ಕಂಡಿದ್ದು. ಪಂಚನಾಮೆದಾಗ ಸೇರ್ಸಿಲ್ಲ. ತಗಂಡು ಹೋಗು." ಆಗಲೇ ಬಾಡಿತ್ತು.

ಮನೆ ಮುಟ್ಟಿದಾಗ ಅವ್ವ ಹೊಸ್ತಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಸೊಪ್ಪು ನನ್ನ ಕೈಯಲ್ಲಿರುವುದನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು. ಆದರೂ ಶಾಸ್ತ್ರ ಬಿಡುವವಳಲ್ಲ, ಸೊಪ್ಪು ಯಾರ ಕೈಯಲ್ಲಿದೆಯೋ ಅವರನ್ನೇ ಕೇಳಬೇಕು.

"ಸೊಪ್ಪು ಸಿಕ್ತೇನು?"

"ಸಿಕ್ತವ್ವಾ," ಅಂದೆ.

ಅವ್ವ ಬಗ್ಗಿ ನನ್ನ ಕಾಲಿಗೆ ನೀರು ಹಾಕಿದಳು. ಹಾಕುತ್ತಲೇ ತಲೆ ಎತ್ತಿ ನನ್ನ ಹಿಂದಿನ ದಾರಿ ನೋಡಿದಳು. "ನಿಮ್ಮಪ್ಪ ಹಿಂದ ಬರಾಕತ್ಯಾನೇನು?"