ಗ್ಲೆನಿಸ್ ಆರಿಸಿದ ಪಂಪು

ಹಾರ್ಷಮ್ ಊರಿನ ಗ್ಲೆನಿಸ್‌ಗೆ ಎಂಟು ಸಿಲಿಂಡರಿನ ತನ್ನ ಹಳೇ ಕಾರೆಂದರೆ ಪಂಚಪ್ರಾಣ. ಗಂಡ ಮರ್ವ್‌ಗೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯ, ಅಂದರೆ ಕ್ಯಾರವಾನಿನ ಹುಚ್ಚು. ಶೆಡ್ಡಿನಲ್ಲಿ ಜಾಗವಿದ್ದದ್ದು ಒಂದಕ್ಕೇ. ಹೋದ ವರ್ಷ ಎಣ್ಣೆ ಸಾಲದೆ ಎಂಜಿನ್ ಜಾಮಾದಾಗ ಇಬ್ಬರೂ ಕೈ ಕುಲುಕಿ ಕರಾರು ಮಾಡಿಕೊಂಡಿದ್ದರು. ಇನ್ನೊಂದು ಸಲ ಜಾಮಾದರೆ ಕಾರು ಹೊರಗೆ, ಕ್ಯಾರವಾನ್ ಒಳಗೆ.

ಎಂಜಿನ್ ಹೊಸದಾಗಿ ಕಟ್ಟಿ ಮುಗಿದಿತ್ತು. ಉಳಿದದ್ದು ತಳದ ಎಣ್ಣೆಯನ್ನು ಎಂಜಿನ್ನಿಗೆಲ್ಲ ಹರಿಸುವ ಆಯಿಲ್ ಪಂಪು ಒಂದೇ. ಮೊದಲ ಸಲ ಚಾಲೂ ಮಾಡುವ ಶನಿವಾರ ಕಾರು ಕ್ಲಬ್ಬಿನವರೆಲ್ಲ ರೂಢಿಯಂತೆ ಒಂದೊಂದು ತಟ್ಟೆ ತಿಂಡಿ ಹಿಡಿದು ಬಂದರು. ತಿಂಡಿ ಒಂದು ತಟ್ಟೆಯಾದರೆ ಸಲಹೆ ಹತ್ತು ಬುಟ್ಟಿ!

ಕ್ಲಬ್ಬಿನ ಹಿರಿಯ ಕ್ಲಾರಿ ಅಂತೂ ಉಡುಗೊರೆಯಾಗಿ ಒಂದು ದೊಡ್ಡ ಪಂಪನ್ನೇ ತಂದಿದ್ದ. ಎಣ್ಣೆ ಹೆಚ್ಚಾಗಿ ಕೆಟ್ಟ ಎಂಜಿನ್ ಉಂಟೇ ಎಂದು ಅವನ ವಾದ. ಗ್ಲೆನಿಸ್ ಬಗ್ಗಲಿಲ್ಲ.

"ಹೋದ ಸಲ ನಿನ್ನ ಮಾತು ಕೇಳೇ ಕೆಟ್ಟೆ, ಕ್ಲಾರಿ. ನಿನ್ನ ದೊಡ್ಡ ಪಂಪು ಎಣ್ಣೆನೆಲ್ಲ ಮೇಲಕ್ಕೆ ತಳ್ತು, ಅದು ವಾಪಸ್ ಇಳಿಯೋದ್ರೊಳಗೆ ತಳ ಒಣಗೋಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚೋಣ, ಮಾರಾಯ."

ಅವಳು ಮಾಮೂಲಿ ಪಂಪನ್ನೇ ಎತ್ತಿಕೊಂಡಳು. ಕ್ಲಾರಿ ಸೋಲೊಪ್ಪುವ ಪೈಕಿಯೇ? ಕೊನೆಯ ಬೋಲ್ಟ್ ಬಿಗಿಯುವವರೆಗೂ ಕೆಣಕಿದ. ಇವಳೂ ಬಿಗಿಯುತ್ತಲೇ ಮಾತಿಗೆ ಮಾತು ಕೊಟ್ಟಳು. ಜನ ಬಿದ್ದು ಬಿದ್ದು ನಕ್ಕರು. ಮರ್ವ್ ಮಾತ್ರ ಕೇಕು ಮೆಲ್ಲುತ್ತ ಶೆಡ್ಡಿನ ಉದ್ದಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಕೀಲಿ ತಿರುಗಿತು, ಎಂಜಿನ್ ಗುಡುಗಿತು. ಗ್ಲೆನಿಸ್ ಗೆದ್ದ ಮುಖ ಹೊತ್ತು ಕ್ಲಾರಿಯ ಕಡೆ ತಿರುಗಿದಳು. ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿದ್ದವನು ಮರ್ವ್ ಒಬ್ಬನೇ. ಮುಳ್ಳು ಸೊನ್ನೆಯಿಂದ ಅಲುಗಿರಲಿಲ್ಲ. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಕ್ಯಾರವಾನ್ ಅವನದು. ಅವನೋ ಕೇಕು ಬಿಸಾಕಿ ಒಂದೇ ನೆಗೆತಕ್ಕೆ ಬಂದು ಕೀಲಿ ತಿರುವಿ ಎಂಜಿನ್ ಆರಿಸಿಬಿಟ್ಟ.

"ಮುಳ್ಳು ಏಳ್ಲಿಲ್ಲ ಕಣೆ."

ಗ್ಲೆನಿಸ್‌ಗೆ ತನ್ನ ತಪ್ಪು ಆಗಲೇ ಹೊಳೆಯಿತು. ಈ ಜಾತಿಯ ಪಂಪಿನ ಹಲ್ಲುಚಕ್ರಗಳ ಸಂದಿಗೆ ವ್ಯಾಸಲಿನ್ ತುಂಬಿಯೇ ಕೂರಿಸಬೇಕು, ಒಣಗಿದ್ದರೆ ಅದು ಎಣ್ಣೆ ಎಳೆಯದೆ ಬರೀ ಗಾಳಿ ತಿರುವುತ್ತದೆ. ವಾದ ಗೆಲ್ಲುವ ಭರದಲ್ಲಿ ಅದನ್ನೇ ಮರೆತಿದ್ದಳು! ಮರ್ವ್ ಬಚ್ಚಲುಮನೆಯ ವ್ಯಾಸಲಿನ್ ಡಬ್ಬಿಯನ್ನೇ ತಂದುಕೊಟ್ಟ. ಬಿಚ್ಚಿ, ತುಂಬಿ, ಮತ್ತೆ ಕೂರಿಸಿ ಚಾಲೂ ಮಾಡಿದಾಗ ಮುಳ್ಳು ಸರಸರನೆ ಏರಿತು. ಕ್ಲಾರಿಯೂ ಚಪ್ಪಾಳೆ ತಟ್ಟಿದ, ಪಾಪ.

ಎಲ್ಲರೂ ಚಹಾಕ್ಕೆ ಒಳಗೆ ಹೋದ ಮೇಲೆ ಅವಳು ಕೇಳಿದಳು: "ಸುಮ್ನೆ ಇದ್ದಿದ್ರೆ ನಿನ್ನ ಕ್ಯಾರವಾನ್ ಬರ್ತಿತ್ತಲ್ಲೋ. ಯಾಕೆ ಆರಿಸ್ದೆ?"

"ಬರ್ತಿತ್ತು. ಆ ಗೂಡೊಳಗೆ ನಿನ್ನ ಊದಿದ ಮುಖ ನೋಡ್ಕೊಂಡು ದೇಶದ ಆ ತುದೀಲಿರೋ ಪರ್ತ್‌ವರೆಗೂ ಹೋಗೋರ್ಯಾರು?"

ಗ್ಲೆನಿಸ್‌ಗೆ ನಗುವೂ ಬಂತು, ಕಣ್ಣೂ ತುಂಬಿತು.

"ಶೆಡ್ ಪಕ್ಕದ ಗುಲಾಬಿ ಗಿಡಗಳನ್ನ ನಾಳೆ ಕೀಳ್ತೀನಿ," ಅಂದಳು. "ಅಲ್ಲೊಂದು ಚಾವಣಿ ಇಳಿಸಿ ನಿನ್ನ ಕ್ಯಾರವಾನ್ ನಿಲ್ಸು. ಎಳ್ಯೋಕೆ ನನ್ನ ಕಾರಿದೆ."